ಸೀಸದ ಮುಂದೆ ಸೋತ ಡಬ್ಬಿ: ಯೂಜೀನ್ ಹೂಡ್ರಿ ಬದುಕಿನಿಂದ ನಾವು ಕಲಿಯಬೇಕಾದ್ದು

ಕಳೆದ ತಿಂಗಳು ನನ್ನ ಸೆಕೆಂಡ್ ಹ್ಯಾಂಡ್ ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ನಾಲ್ಕು ದಿನ ನೋಡಿಯೂ ನೋಡದವನ ಹಾಗೆ ಓಡಾಡಿದೆ. ಮೈಲೇಜ್ ಬೀಳತೊಡಗಿದ ಮೇಲೆ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಗಾಡಿ ಕೆಳಗೆ ಬಗ್ಗಿ ನೋಡಿ, ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ ಅಂದ. ಹೊಸದಕ್ಕೆ ಅವನು ಹೇಳಿದ ರೇಟ್ ಕೇಳಿ ನಾನು ಗಪ್‌ಚುಪ್. ಆಮೇಲೆ ಅವನೇ ದಾರಿ ತೋರಿಸಿದ. ಡಬ್ಬಿ ಕಿತ್ತು ಹಾಕಿ ನೇರ ಪೈಪ್ ಬೆಸುಗೆ ಮಾಡಿಕೊಡ್ತೀನಿ, ಒಳಗಿರೋ ಪ್ಲಾಟಿನಂ ತಗೊಳ್ಳೋಕೆ ಜನ ಇದ್ದಾರೆ, ನಿಮಗೇ ಒಂದಿಷ್ಟು ದುಡ್ಡು ವಾಪಸ್ ಬರುತ್ತೆ, ದೀಪ ಹತ್ತದ ಹಾಗೆ ಮಾಡೋದೂ ಗೊತ್ತು ಅಂತ.

ಯೋಚಿಸಿ ಹೇಳ್ತೀನಿ ಅಂತ ಹೊರಟು ಬಂದೆ. ನಿಜ ಹೇಳಬೇಕು ಅಂದ್ರೆ, ಮನಸ್ಸು ಅರ್ಧ ಒಪ್ಪಿಬಿಟ್ಟಿತ್ತು.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು. ಈ ಡಬ್ಬಿ ನನ್ನ ಸಿಲೆಬಸ್‌ನಲ್ಲಿತ್ತು. ಚಿತ್ರ ಬರೆದು ಭಾಗಗಳನ್ನು ಗುರುತಿಸಿ, ಮೂರು ರಾಸಾಯನಿಕ ಸಮೀಕರಣ ಬರೆದರೆ ಹತ್ತು ಮಾರ್ಕು. ಆದರೆ ಇದನ್ನು ಕಂಡುಹಿಡಿದವರು ಯಾರು, ಕಂಡುಹಿಡಿದ ಮೇಲೂ ಇದು ರಸ್ತೆಗೆ ಬರಲು ಯಾಕೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು ಅನ್ನುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆ ರಾತ್ರಿ ಕೂತು ಯೂಜೀನ್ ಹೂಡ್ರಿ ಎಂಬ ಫ್ರೆಂಚ್ ಎಂಜಿನಿಯರನ ಬದುಕನ್ನು ಓದಿದೆ. ಸೈಲೆನ್ಸರ್ ಪೈಪಿನ ಕತೆ ಅಂದುಕೊಂಡಿದ್ದೆ. ಓದುತ್ತಾ ಹೋದ ಹಾಗೆ ಅದು ರಾಜಕೀಯದ ಕತೆ ಅಂತ ಗೊತ್ತಾಯಿತು.

ಟ್ಯಾಂಕ್, ರೇಸ್ ಕಾರು ಮತ್ತು ಪೆಟ್ರೋಲ್

ಹೂಡ್ರಿ ಹುಟ್ಟಿದ್ದು 1892ರ ಏಪ್ರಿಲ್ 18ರಂದು, ಪ್ಯಾರಿಸ್ ಹತ್ತಿರದ ದೊಮೊಂ ಎಂಬ ಊರಿನಲ್ಲಿ. ಅಪ್ಪನದು ಉಕ್ಕಿನ ಉದ್ಯಮ. ಹುಡುಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, 1911ರಲ್ಲಿ ತರಗತಿಗೇ ಮೊದಲಿಗನಾಗಿ ಪಾಸಾದ. ಕಾಲೇಜಿನ ಫುಟ್ಬಾಲ್ ತಂಡದ ನಾಯಕನೂ ಅವನೇ. ಮುಂದಿನ ದಾರಿ ಆಗಲೇ ನಿಗದಿಯಾಗಿತ್ತು: ಅಪ್ಪನ ಕಾರ್ಖಾನೆ ನೋಡಿಕೊಳ್ಳುವುದು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಫಿರಂಗಿ ದಳದಲ್ಲಿದ್ದವನು ಆಮೇಲೆ ಟ್ಯಾಂಕ್ ದಳ ಸೇರಿದ. ಟ್ಯಾಂಕ್ ಅನ್ನುವುದೇ ಆಗ ಹೊಚ್ಚ ಹೊಸ ಯಂತ್ರ. 1917ರಲ್ಲಿ ಜುವಿನ್‌ಕೂರ್ ಎಂಬಲ್ಲಿ ನಡೆದ ಕಾಳಗದಲ್ಲಿ ತೀವ್ರವಾಗಿ ಗಾಯಗೊಂಡ. ಶೌರ್ಯಕ್ಕೆ ಪದಕಗಳು ಸಿಕ್ಕವು.

ಯುದ್ಧ ಮುಗಿದ ಮೇಲೆ ಅಪ್ಪನ ಉದ್ಯಮಕ್ಕೆ ಮರಳಿದರೂ ಮನಸ್ಸು ಅಲ್ಲಿರಲಿಲ್ಲ. ಹೂಡ್ರಿಗೆ ಕಾರ್ ರೇಸಿನ ಹುಚ್ಚು. 1922ರಲ್ಲಿ ಅಮೆರಿಕಕ್ಕೆ ಹೋಗಿ ಡೆಟ್ರಾಯಿಟ್‌ನ ಫೋರ್ಡ್ ಕಾರ್ಖಾನೆ ನೋಡಿದ, ಇಂಡಿಯಾನಾಪೊಲಿಸ್ ರೇಸ್ ನೋಡಿದ. ಅಲ್ಲಿ ಅವನ ತಲೆಗೆ ಹೊಕ್ಕಿದ್ದು ಇಷ್ಟು: ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಹಾಕುವ ಪೆಟ್ರೋಲ್ ಕಳಪೆಯಾದರೆ ಎಲ್ಲವೂ ವ್ಯರ್ಥ.

ಇಲ್ಲಿ ಸ್ವಲ್ಪ ಎಂಜಿನ್ ಒಳಗೆ ಇಣುಕೋಣ. ಸಿಲಿಂಡರಿನೊಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ, ಆಮೇಲೆ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ. ಹೆಚ್ಚು ಒತ್ತಿದಷ್ಟೂ ಹೆಚ್ಚು ಶಕ್ತಿ. ಆದರೆ ಕಳಪೆ ಪೆಟ್ರೋಲನ್ನು ಜಾಸ್ತಿ ಒತ್ತಿದರೆ, ಕಿಡಿಯ ಜ್ವಾಲೆ ತಲುಪುವ ಮೊದಲೇ ಅಲ್ಲಲ್ಲಿ ತನ್ನಷ್ಟಕ್ಕೆ ಸಿಡಿದುಬಿಡುತ್ತೆ. ಎಂಜಿನ್ ಕಟಕಟ ಅಂತ ಬಡಿದುಕೊಳ್ಳುತ್ತೆ. ಇದಕ್ಕೇ ನಾಕಿಂಗ್ ಅನ್ನುವುದು. ಈ ಸಿಡಿತವನ್ನು ತಡೆದುಕೊಳ್ಳುವ ಶಕ್ತಿಯ ಅಳತೆಯೇ ಆಕ್ಟೇನ್ ಸಂಖ್ಯೆ.

ನಾಕಿಂಗ್ ತಡೆಯಲು 1920ರ ದಶಕದಲ್ಲಿ ಎರಡು ದಾರಿಗಳು ತೆರೆದುಕೊಂಡವು. ಒಂದು, ಪೆಟ್ರೋಲನ್ನೇ ಉತ್ತಮಗೊಳಿಸುವುದು. ಇನ್ನೊಂದು, ಇರುವ ಪೆಟ್ರೋಲಿಗೆ ಏನನ್ನಾದರೂ ಬೆರೆಸುವುದು. ಎರಡನೆಯ ದಾರಿ ಅಗ್ಗ. ಜನರಲ್ ಮೋಟಾರ್ಸ್‌ನಲ್ಲಿದ್ದ ಥಾಮಸ್ ಮಿಡ್‌ಗ್ಲಿ 1921ರಲ್ಲಿ ಟೆಟ್ರಾ ಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಚಿಟಿಕೆಯಷ್ಟು ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆ ಅಂತ ಕಂಡುಕೊಂಡ. 1923ರಲ್ಲಿ ಅದು ಮಾರುಕಟ್ಟೆಗೆ ಬಂತು. ಸೀಸ ವಿಷ ಅನ್ನುವುದು ಆಗ ಗೊತ್ತಿಲ್ಲದ ವಿಷಯವೇನಲ್ಲ. ಮಿಡ್‌ಗ್ಲಿಗೇ ಸೀಸದ ವಿಷ ಏರಿ, ಕೆಲಸ ಬಿಟ್ಟು ವಿಶ್ರಾಂತಿಗೆ ಹೋಗಬೇಕಾಯಿತು. 1924ರಲ್ಲಿ ನ್ಯೂಜೆರ್ಸಿಯ ತಯಾರಿಕಾ ಘಟಕವೊಂದರಲ್ಲಿ ಕಾರ್ಮಿಕರು ಭ್ರಮೆಗೊಳಗಾಗಿ ಕೂಗಾಡುತ್ತಾ ಕುಸಿದುಬಿದ್ದರು, ಐವರು ಸತ್ತರು. ಕೆಲಕಾಲ ಮಾರಾಟ ನಿಂತಿತು. 1926ರಲ್ಲಿ ಸರ್ಕಾರಿ ಸಮಿತಿಯೊಂದು ನಿಷೇಧಕ್ಕೆ ಸಾಕಷ್ಟು ಆಧಾರವಿಲ್ಲ ಅಂತ ಹೇಳಿದ ಮೇಲೆ ಮತ್ತೆ ಶುರುವಾಯಿತು.

ಹೂಡ್ರಿ ಹಿಡಿದದ್ದು ಮೊದಲನೆಯ ದಾರಿ.

ಜೇಡಿಮಣ್ಣಿನ ಮಹಿಮೆ

ಫ್ರಾನ್ಸಿನಲ್ಲಿ ಕಚ್ಚಾತೈಲ ಇರಲಿಲ್ಲ, ಲಿಗ್ನೈಟ್ ಕಲ್ಲಿದ್ದಲು ಇತ್ತು. ಅದರಿಂದ ಪೆಟ್ರೋಲ್ ತೆಗೆಯಬಹುದೇ ಅಂತ ಹೂಡ್ರಿ ಮತ್ತು ಗೆಳೆಯರು ವರ್ಷಗಟ್ಟಲೆ ಪ್ರಯೋಗ ಮಾಡಿದರು. 1929ರಲ್ಲಿ ಒಂದು ಪ್ರಾಯೋಗಿಕ ಘಟಕವೂ ಓಡಿತು. ಪೆಟ್ರೋಲ್ ಬಂತು, ಲೆಕ್ಕ ಮಾತ್ರ ಕೂಡಿಬರಲಿಲ್ಲ. ಸರ್ಕಾರ ನೆರವು ಕೊಡಲಿಲ್ಲ, ಘಟಕಕ್ಕೆ ಬೀಗ ಬಿತ್ತು. ಅಪ್ಪನ ಉಕ್ಕಿನ ದುಡ್ಡನ್ನು ಮಗ ಹೊಗೆಯಲ್ಲಿ ಊದಿದ ಅಂತ ಊರು ಆಡಿಕೊಂಡಿದ್ದರೂ ಆಶ್ಚರ್ಯವಿಲ್ಲ.

ಆದರೆ ಅಷ್ಟರಲ್ಲಿ ಅವನ ಕೈಗೆ ಇನ್ನೊಂದು ಎಳೆ ಸಿಕ್ಕಿತ್ತು. ಕಚ್ಚಾತೈಲದ ಭಾರವಾದ, ಉದ್ದುದ್ದ ಅಣುಗಳನ್ನು ಒಡೆದು ಪೆಟ್ರೋಲ್ ಮಾಡಲು ಆಗ ಬರೀ ಶಾಖ ಮತ್ತು ಒತ್ತಡ ಬಳಸುತ್ತಿದ್ದರು. ಹೂಡ್ರಿ ನೂರಾರು ವಸ್ತುಗಳನ್ನು ಪರೀಕ್ಷಿಸಿ, ಸಂಸ್ಕರಿಸಿದ ಒಂದು ಬಗೆಯ ಜೇಡಿಮಣ್ಣು, ಅಂದರೆ ಸಿಲಿಕಾ ಮತ್ತು ಅಲ್ಯೂಮಿನಾ ಸೇರಿದ ಮಣ್ಣು, ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತದೆ ಅಂತ ಕಂಡುಕೊಂಡ. ಇದೇ ಕ್ಯಾಟಲಿಸ್ಟ್, ನಮ್ಮ ಪಠ್ಯಪುಸ್ತಕದ ವೇಗವರ್ಧಕ. ಮದುವೆ ಬ್ರೋಕರ್ ಇದ್ದ ಹಾಗೆ: ಎರಡೂ ಕಡೆಯವರನ್ನು ಒಂದೆಡೆ ಕೂರಿಸಿ ಸಂಬಂಧ ಕುದುರಿಸುತ್ತಾನೆ, ತಾನು ಮಾತ್ರ ಹಾಗೇ ಉಳಿದು ಮುಂದಿನ ಮನೆಗೆ ಹೋಗುತ್ತಾನೆ.

ಒಂದೇ ತೊಂದರೆ. ತೈಲ ಒಡೆಯುವಾಗ ಮಣ್ಣಿನ ಮೇಲೆ ಇಂಗಾಲದ ಮಸಿ ಕೂರುತ್ತಿತ್ತು. ಕೆಲವೇ ನಿಮಿಷಗಳಲ್ಲಿ ಕ್ಯಾಟಲಿಸ್ಟ್ ಕೈಚೆಲ್ಲುತ್ತಿತ್ತು. ಹೂಡ್ರಿಯ ನಿಜವಾದ ಜಾಣ್ಮೆ ಇರುವುದು ಇಲ್ಲಿ. ಗಾಳಿ ಊದಿ ಆ ಮಸಿಯನ್ನು ಸುಟ್ಟು ಹಾಕಿ, ಕ್ಯಾಟಲಿಸ್ಟನ್ನು ಮತ್ತೆ ಹೊಸದು ಮಾಡುವ ವ್ಯವಸ್ಥೆ ರೂಪಿಸಿದ. ಒಂದು ಪಾತ್ರೆಯಲ್ಲಿ ತೈಲ ಒಡೆಯುತ್ತಿರುವಾಗ ಪಕ್ಕದ್ದರಲ್ಲಿ ಮಸಿ ಸುಡುತ್ತದೆ, ಸರದಿ ಪ್ರಕಾರ. ಆ ಸುಡುವ ಶಾಖವೂ ದಂಡವಾಗುವುದಿಲ್ಲ. ಕ್ಯಾಟಲಿಸ್ಟ್ ಮೇಲ್ಮೈ ಮುಚ್ಚಿಹೋದರೆ ಅದು ಸತ್ತಂತೆ ಅನ್ನುವ ಪಾಠವನ್ನು ಆತ ಇಲ್ಲಿ ಕಲಿತ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1930ರಲ್ಲಿ ಅಮೆರಿಕದ ವ್ಯಾಕ್ಯೂಮ್ ಆಯಿಲ್ ಕಂಪನಿ ಅವನನ್ನು ನ್ಯೂಜೆರ್ಸಿಯ ಪಾಲ್ಸ್‌ಬರೋಗೆ ಕರೆಸಿಕೊಂಡಿತು. ಮಹಾ ಆರ್ಥಿಕ ಕುಸಿತದ ದಿನಗಳು. ಆ ಕಂಪನಿಯ ಹುರುಪು ತಗ್ಗಿದಾಗ ಜೊತೆಗೆ ಬಂದದ್ದು ಫಿಲಡೆಲ್ಫಿಯಾದ ಸನ್ ಆಯಿಲ್. ಯಾಕೆ ಅಂತ ಗಮನಿಸಿ. ಸನ್ ಆಯಿಲ್ ಸೀಸ ಬೆರೆಸದ ಪೆಟ್ರೋಲನ್ನು ಮಾರುತ್ತಿದ್ದ ಕಂಪನಿ. ಎದುರಾಳಿಗಳೆಲ್ಲ ಸೀಸ ಹಾಕಿ ಆಕ್ಟೇನ್ ಏರಿಸುತ್ತಿದ್ದಾಗ, ಸೀಸವಿಲ್ಲದೆ ಪೈಪೋಟಿ ಕೊಡಲು ಅದಕ್ಕೆ ಒಂದು ದಾರಿ ಬೇಕಿತ್ತು. ಹೂಡ್ರಿಯ ಬಳಿ ಆ ದಾರಿ ಇತ್ತು.

1936ರಲ್ಲಿ ಪಾಲ್ಸ್‌ಬರೋದಲ್ಲಿ ದಿನಕ್ಕೆ 2,000 ಬ್ಯಾರೆಲ್ ಸಾಮರ್ಥ್ಯದ ಘಟಕ ಶುರುವಾಯಿತು. ಮರುವರ್ಷ ಪೆನ್ಸಿಲ್ವೇನಿಯಾದ ಮಾರ್ಕಸ್ ಹುಕ್‌ನಲ್ಲಿ ಸನ್ ಆಯಿಲ್ ಅದಕ್ಕಿಂತ ಎಷ್ಟೋ ದೊಡ್ಡ ಘಟಕ ತೆರೆಯಿತು. ಹಳೆಯ ವಿಧಾನದಲ್ಲಿ ತೈಲದ ಸುಮಾರು ಕಾಲುಭಾಗ ಪೆಟ್ರೋಲ್ ಆಗುತ್ತಿದ್ದರೆ, ಇಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ, ಅದೂ ಹೆಚ್ಚು ಆಕ್ಟೇನ್‌ನದ್ದು. ಅವನ ಪೇಟೆಂಟುಗಳಿಂದ ತಪ್ಪಿಸಿಕೊಳ್ಳಲು ದೊಡ್ಡ ತೈಲ ಕಂಪನಿಗಳು ಕೂಡಿ ಹುಡುಕಿದ ಬದಲಿ ವಿಧಾನವೇ ಫ್ಲೂಯಿಡ್ ಕ್ಯಾಟಲಿಟಿಕ್ ಕ್ರ್ಯಾಕಿಂಗ್. ಇವತ್ತು ಮಂಗಳೂರಿನ ಎಂಆರ್‌ಪಿಎಲ್ ಸೇರಿದಂತೆ ಜಗತ್ತಿನ ಅನೇಕ ರಿಫೈನರಿಗಳಲ್ಲಿ ಅದರ ಘಟಕಗಳಿವೆ.

ಎರಡನೇ ಮಹಾಯುದ್ಧ ಬಂದಾಗ ವಿಮಾನಗಳಿಗೆ 100 ಆಕ್ಟೇನ್ ಇಂಧನ ಬೇಕಾಯಿತು. ಅದರ ಮೂಲ ಪೆಟ್ರೋಲ್ ಒದಗಿಸಿದ್ದರಲ್ಲಿ ಹೂಡ್ರಿ ಘಟಕಗಳ ಪಾಲು ದೊಡ್ಡದು. ಸಿಂಥೆಟಿಕ್ ರಬ್ಬರಿಗೆ ಬೇಕಾದ ಬ್ಯುಟಾಡಯೀನ್ ತಯಾರಿಕೆಗೂ ಅವನೊಂದು ವಿಧಾನ ಕೊಟ್ಟ. ಫ್ರಾನ್ಸ್ ಜರ್ಮನಿಗೆ ಶರಣಾದಾಗ ಈ ಎಂಜಿನಿಯರ್ ನನಗ್ಯಾಕೆ ರಾಜಕೀಯ ಅಂತ ಲ್ಯಾಬಿನೊಳಗೆ ಕೂರಲಿಲ್ಲ. ಅಮೆರಿಕದಲ್ಲಿ ದ ಗಾಲ್ ಪರವಾಗಿ ಜನರನ್ನು ಸಂಘಟಿಸಿದ ಫ್ರಾನ್ಸ್ ಫಾರೆವರ್ ಸಂಸ್ಥೆಯ ಅಧ್ಯಕ್ಷನಾದ. ಅದಕ್ಕೆ ಬೆಲೆಯನ್ನೂ ತೆತ್ತ. ಜರ್ಮನಿಗೆ ತಲೆಬಾಗಿದ್ದ ವಿಶಿ ಸರ್ಕಾರ 1941ರಲ್ಲಿ ಅವನ ಫ್ರೆಂಚ್ ಪೌರತ್ವ ಕಿತ್ತುಕೊಂಡಿತು. 1942ರಲ್ಲಿ ಆತ ಅಮೆರಿಕದ ಪ್ರಜೆಯಾದ.

ತಾನೇ ಮಾಡಿದ ಪೆಟ್ರೋಲ್, ತಾನೇ ಕಂಡ ಹೊಗೆ

ಯುದ್ಧ ಮುಗಿದಾಗ ಹೂಡ್ರಿಗೆ ಐವತ್ತು ದಾಟಿತ್ತು. ಹೆಸರು, ಪೇಟೆಂಟು, ಹಣ ಎಲ್ಲ ಇತ್ತು. ಬೇರೆಯವರಾಗಿದ್ದರೆ ಅಲ್ಲಿಗೆ ಸಾಕು ಅನ್ನುತ್ತಿದ್ದರೇನೋ.

ಆಗ ಲಾಸ್ ಏಂಜಲೀಸ್ ಉಸಿರುಗಟ್ಟುತ್ತಿತ್ತು. 1943ರ ಬೇಸಿಗೆಯಿಂದಲೇ ಅಲ್ಲಿ ಕಣ್ಣು ಉರಿಸುವ ಮಬ್ಬು ಕವಿಯತೊಡಗಿತ್ತು. ಕಾರ್ಖಾನೆಗಳದ್ದೇ ತಪ್ಪು ಅಂತ ಮೊದಮೊದಲು ಎಲ್ಲರೂ ನಂಬಿದ್ದರು. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿದ್ದ ಡಚ್ ಮೂಲದ ರಸಾಯನಶಾಸ್ತ್ರಜ್ಞ ಆರಿ ಹಾಗನ್-ಸ್ಮಿತ್ 1950ರ ದಶಕದ ಆರಂಭದಲ್ಲಿ ಅಸಲಿ ವಿಷಯ ಬಿಡಿಸಿಟ್ಟ. ವಾಹನ ಮತ್ತು ರಿಫೈನರಿಗಳಿಂದ ಬರುವ ಹೈಡ್ರೋಕಾರ್ಬನ್, ಅಂದರೆ ಉರಿಯದೆ ಉಳಿದ ಇಂಧನದ ಆವಿ, ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಬೆಂದು ಆ ಮಬ್ಬು ಹುಟ್ಟುತ್ತದೆ. ಅಂದರೆ ಬೆಳಗ್ಗೆ ಎದ್ದು ಕಾರು ತೆಗೆಯುವ ಪ್ರತಿಯೊಬ್ಬನೂ ಅದರ ಪಾಲುದಾರ.

ಆ ಕಾರುಗಳಿಗೆ ಹೇರಳವಾಗಿ ಪೆಟ್ರೋಲ್ ಸಿಗುವ ಹಾಗೆ ಮಾಡಿದವರಲ್ಲಿ ಹೂಡ್ರಿಯೇ ಮುಖ್ಯ ಮನುಷ್ಯ. ನಗರಗಳ ಹೊಗೆ, ಹೆಚ್ಚುತ್ತಿದ್ದ ಶ್ವಾಸಕೋಶದ ಕ್ಯಾನ್ಸರ್, ಇವೆರಡಕ್ಕೂ ಸಂಬಂಧ ಇರಬಹುದು ಎಂಬ ಆತಂಕ ಅವನನ್ನು ಕಾಡಿತು. ತನ್ನ ಹಳೆಯ ಕಂಪನಿಯ ಅಧ್ಯಕ್ಷಗಿರಿ ಬಿಟ್ಟು, 1950ರ ಸುಮಾರಿಗೆ ಪೆನ್ಸಿಲ್ವೇನಿಯಾದಲ್ಲಿ ಆಕ್ಸಿ-ಕ್ಯಾಟಲಿಸ್ಟ್ ಎಂಬ ಸಣ್ಣ ಕಂಪನಿ ಕಟ್ಟಿದ. ಗುರಿ ಒಂದೇ: ಎಂಜಿನ್ನಿಂದ ಹೊರಬರುವ ವಿಷವನ್ನು ಪೈಪ್ ದಾಟುವ ಮೊದಲೇ ನಿವಾರಿಸುವುದು.

ಹೂಡ್ರಿಗೆ ಇದು ಹಳೆಯ ಪಾಠದ ಇನ್ನೊಂದು ಅಧ್ಯಾಯ. ರಿಫೈನರಿಯಲ್ಲಿ ಕ್ಯಾಟಲಿಸ್ಟ್ ಮೇಲಿನ ಮಸಿ ಸುಟ್ಟವನಿಗೆ, ಕ್ಯಾಟಲಿಸ್ಟ್ ಮೂಲಕವೇ ಹೊಗೆ ಸುಡುವ ಯೋಚನೆ ಬಂದದ್ದು ಸಹಜ. ಎಂಜಿನ್ ಹೊಗೆಯಲ್ಲಿ ಮುಖ್ಯವಾಗಿ ಮೂರು ವಿಷಗಳಿರುತ್ತವೆ: ಅರೆಬರೆ ಉರಿದ ಕಾರ್ಬನ್ ಮೊನಾಕ್ಸೈಡ್, ಉರಿಯದೆ ಉಳಿದ ಹೈಡ್ರೋಕಾರ್ಬನ್, ವಿಪರೀತ ಶಾಖದಲ್ಲಿ ಹುಟ್ಟುವ ನೈಟ್ರೋಜನ್ ಆಕ್ಸೈಡ್. ಮೊದಲ ಎರಡನ್ನು ಪೂರ್ತಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಆಗುತ್ತವೆ. ಆದರೆ ಪೈಪಿನೊಳಗೆ ಇನ್ನೊಮ್ಮೆ ಬೆಂಕಿ ಹಚ್ಚಲು ಆಗುವುದಿಲ್ಲ. ಪ್ಲಾಟಿನಂ ಇದ್ದರೆ ಬೆಂಕಿಯ ಅಗತ್ಯವೇ ಇಲ್ಲ. ಹೊಗೆಯ ಬಿಸಿಯಲ್ಲೇ ಅವು ಆಮ್ಲಜನಕದೊಂದಿಗೆ ಕೂಡಿಕೊಳ್ಳುತ್ತವೆ. ಹೂಡ್ರಿ ಪಿಂಗಾಣಿ ಕಡ್ಡಿಗಳ ಮೇಲೆ ಅಲ್ಯೂಮಿನಾ ಲೇಪಿಸಿ, ಅದರ ಮೇಲೆ ಪ್ಲಾಟಿನಂನ ತೆಳು ಪದರ ಕೂರಿಸಿದ. 1950ರ ದಶಕದ ಮಧ್ಯದ ಹೊತ್ತಿಗೆ ಅವನಿಗೆ ಪೇಟೆಂಟ್ ಸಿಕ್ಕಿತು. ಸಾಧನ ಕೆಲಸವನ್ನೂ ಮಾಡಿತು.

ಮಾಡಿತು ಅಂದರೆ, ಗೋದಾಮುಗಳೊಳಗೆ ಓಡುವ ಫೋರ್ಕ್‌ಲಿಫ್ಟುಗಳಲ್ಲಿ, ಗಣಿಗಳ ಯಂತ್ರಗಳಲ್ಲಿ. ಅಂದರೆ ಸೀಸವಿಲ್ಲದ ಇಂಧನದಲ್ಲಿ ಓಡುವ ಎಂಜಿನ್‌ಗಳಲ್ಲಿ. ಕಾರಿಗೆ ಕೂರಿಸಿದರೆ ಕೆಲವೇ ಕಾಲದಲ್ಲಿ ನಿಸ್ತೇಜ.

ಕಾರಣ ನೀವೇ ಊಹಿಸಿರುತ್ತೀರಿ. ಪೆಟ್ರೋಲಿನ ಸೀಸ ಹೊಗೆಯಲ್ಲಿ ಬಂದು ಪ್ಲಾಟಿನಂ ಮೇಲೆ ಪದರ ಕಟ್ಟುತ್ತಿತ್ತು. ರಿಫೈನರಿಯಲ್ಲಿ ಕೂತದ್ದು ಇಂಗಾಲ, ಗಾಳಿ ಊದಿ ಸುಡಬಹುದಿತ್ತು. ಸೀಸ ಹಾಗೆ ಸುಟ್ಟು ಹೋಗುವ ವಸ್ತುವಲ್ಲ. ಒಮ್ಮೆ ಕೂತರೆ ಕೂತೇಬಿಟ್ಟಿತು. ಬ್ರೋಕರ್ ಮನೆಯ ಕುರ್ಚಿಗಳನ್ನೆಲ್ಲ ಯಾರೋ ಬಂದು ಆಕ್ರಮಿಸಿಕೊಂಡರೆ ಗಂಡು ಹೆಣ್ಣಿನವರು ಎಲ್ಲಿ ಕೂರಬೇಕು?

1937ರಲ್ಲೇ ಸೀಸವಿಲ್ಲದೆ ಆಕ್ಟೇನ್ ಏರಿಸುವ ದಾರಿಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವನು ಇದೇ ಹೂಡ್ರಿ. ಉದ್ಯಮ ಅವನ ಉತ್ತಮ ಪೆಟ್ರೋಲನ್ನು ತೆಗೆದುಕೊಂಡಿತು, ಅದರ ಮೇಲೆ ಸೀಸವನ್ನೂ ಸುರಿಯಿತು. ಆಕ್ಟೇನ್ ಇನ್ನಷ್ಟು ಏರಿತು, ಕಾರು ಕಂಪನಿಗಳು ಅದಕ್ಕೆ ತಕ್ಕ ಇನ್ನೂ ಬಲವಾದ ಎಂಜಿನ್ ಮಾಡಿದವು. ಅಮೆರಿಕದ ರಸ್ತೆಗಳಲ್ಲಿ ಸೀಸ ಮಾಮೂಲಾಗಿ ಹೋಯಿತು. ಈಗ ಅದೇ ಸೀಸ ಅವನ ಡಬ್ಬಿಯನ್ನು ಕೊಂದಿತು. ಸಾಧನ ಸರಿಯಿಲ್ಲ, ಬಾಳಿಕೆ ಬರಲ್ಲ ಎಂಬ ಮಾತು ಉದ್ಯಮದ ಬಾಯಲ್ಲಿ ಸಲೀಸಾಗಿ ಬಂತು. ಬಾಳಿಕೆ ಬಾರದಂತೆ ಮಾಡಿದ್ದು ಯಾರ ಪೆಟ್ರೋಲ್ ಅನ್ನುವುದನ್ನು ಕೇಳುವ ಅಧಿಕಾರ ಯಾವ ಇಲಾಖೆಗೂ ಇರಲಿಲ್ಲ.

ಹೂಡ್ರಿಗೆ 1959ರಲ್ಲಿ ಪರ್ಕಿನ್ ಪದಕ ಬಂತು, ಅಮೆರಿಕದ ಕೈಗಾರಿಕಾ ರಸಾಯನಶಾಸ್ತ್ರದಲ್ಲಿ ಬಹುದೊಡ್ಡ ಗೌರವ. 1962ರ ಜುಲೈ 18ರಂದು, 70ನೇ ವಯಸ್ಸಿನಲ್ಲಿ, ಪೆನ್ಸಿಲ್ವೇನಿಯಾದಲ್ಲಿ ತೀರಿಕೊಂಡ. ಯಾವ ರಾಜ್ಯದಲ್ಲೂ ಆಗ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಗಿರಲಿಲ್ಲ.

ಕಾನೂನು ಬಂದ ಮೇಲೆ

ಆತ ಸತ್ತ ಎರಡು ವರ್ಷಕ್ಕೆ, 1964ರಲ್ಲಿ, ಕ್ಯಾಲಿಫೋರ್ನಿಯಾ ಸರ್ಕಾರ ಹೊರಗಿನ ಕಂಪನಿಗಳು ಮಾಡಿದ ಹೊಗೆ ನಿಯಂತ್ರಣ ಸಾಧನಗಳಿಗೆ ಮಾನ್ಯತೆ ಕೊಟ್ಟಿತು. ಅಂದರೆ ಇನ್ನು ಅವುಗಳನ್ನು ಕಡ್ಡಾಯ ಮಾಡಬಹುದು. ಅಲ್ಲಿಯವರೆಗೆ ಸಮಯ ಬೇಕು ಎನ್ನುತ್ತಿದ್ದ ಕಾರು ಕಂಪನಿಗಳು, ನಾವೇ ಎಂಜಿನ್ ಸರಿಪಡಿಸಿ 1966ರ ಮಾದರಿಗಳಲ್ಲಿ ಹೊಗೆ ತಗ್ಗಿಸುತ್ತೇವೆ ಅಂತ ಮುಂದೆ ಬಂದವು. ಹೊರಗಿನವರ ಡಬ್ಬಿ ಕೊಳ್ಳಬೇಕಾಗುತ್ತೆ ಅಂದಾಗ ಬುದ್ಧಿ ಚುರುಕಾಯಿತು! 1969ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಈ ಕಂಪನಿಗಳ ಮೇಲೆ ಕೇಸ್ ಹಾಕಿತು. ಹೊಗೆ ನಿಯಂತ್ರಣದಲ್ಲಿ ಯಾರೂ ಯಾರಿಗಿಂತ ಮುಂದೆ ಹೋಗಬಾರದು ಅಂತ 1950ರ ದಶಕದಿಂದಲೇ ಒಳಒಪ್ಪಂದ ಮಾಡಿಕೊಂಡಿದ್ದರು ಎನ್ನುವುದು ಆರೋಪ. ತಪ್ಪೊಪ್ಪಿಗೆ ಇಲ್ಲದೆ, ಮುಂದೆ ಹಾಗೆ ಮಾಡುವುದಿಲ್ಲ ಎಂಬ ರಾಜಿಯಲ್ಲಿ ಕೇಸ್ ಮುಗಿಯಿತು.

1970ರ ಏಪ್ರಿಲ್‌ನಲ್ಲಿ ಮೊದಲ ಭೂಮಿ ದಿನ. ಲಕ್ಷಾಂತರ ಜನ, ಅದರಲ್ಲೂ ವಿದ್ಯಾರ್ಥಿಗಳು, ಬೀದಿಗಿಳಿದರು. ಅದೇ ವರ್ಷದ ಕೊನೆಗೆ ಶುದ್ಧ ಗಾಳಿ ಕಾಯ್ದೆಯ ಹೊಸ ರೂಪ ಬಂತು. 1975ರ ಮಾದರಿಯ ಕಾರುಗಳು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನು ಶೇ. 90ರಷ್ಟು ಕಡಿಮೆ ಮಾಡಲೇಬೇಕು ಅಂತ ಬರೆಯಿತು. ಹೇಗೆ ಅಂತ ಬರೆಯಲಿಲ್ಲ. ಕಂಪನಿಗಳು ಬೊಬ್ಬೆ ಹೊಡೆದವು, ಗಡುವು ಸ್ವಲ್ಪ ಮುಂದಕ್ಕೂ ಹೋಯಿತು. ಆದರೆ 1974ರ ಜುಲೈಯಿಂದ ದೊಡ್ಡ ಪೆಟ್ರೋಲ್ ಬಂಕುಗಳು ಸೀಸರಹಿತ ಪೆಟ್ರೋಲ್ ಇಡಲೇಬೇಕಾಯಿತು. 1975ರ ಮಾದರಿಯ ಕಾರುಗಳಲ್ಲಿ ಕನ್ವರ್ಟರ್ ಬಂತು. ಕಾರ್ನಿಂಗ್ ಕಂಪನಿ ಜೇನುಗೂಡಿನಂಥ ಪಿಂಗಾಣಿ ತಯಾರಿಸಿತ್ತು. ಎಂಗಲ್‌ಹಾರ್ಡ್ ಕಂಪನಿಯಲ್ಲಿ ಜಾನ್ ಮೂನಿ ಮತ್ತು ಕಾರ್ಲ್ ಕೀತ್ ತಂಡ ಮೂರೂ ವಿಷಗಳನ್ನು ಒಂದೇ ಡಬ್ಬಿಯಲ್ಲಿ ನಿವಾರಿಸುವ ಕ್ಯಾಟಲಿಸ್ಟ್ ರೂಪಿಸಿತು. ಅದರಲ್ಲಿ ಪ್ಲಾಟಿನಂ, ಪಲ್ಲೇಡಿಯಂ ಸುಡುವ ಕೆಲಸ ಮಾಡಿದರೆ, ರೋಡಿಯಂ ನೈಟ್ರೋಜನ್ ಆಕ್ಸೈಡಿನಿಂದ ಆಮ್ಲಜನಕ ಕಿತ್ತು ಬರೀ ನೈಟ್ರೋಜನ್ ಬಿಡುತ್ತದೆ.

ಇಲ್ಲೊಂದು ಪೇಚು. ಹೊಗೆಯಲ್ಲಿ ಆಮ್ಲಜನಕ ಜಾಸ್ತಿ ಇದ್ದರೆ ರೋಡಿಯಂ ಕೆಲಸ ಕೆಡುತ್ತೆ, ಕಡಿಮೆ ಇದ್ದರೆ ಸುಡುವ ಕೆಲಸ ನಿಲ್ಲುತ್ತೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ, ಅದರ ಆಸುಪಾಸಿನ ಸಣ್ಣ ಕಿಟಕಿಯಲ್ಲಿ ಮಾತ್ರ ಮೂರೂ ವಿಷ ಒಟ್ಟಿಗೆ ಹೋಗುತ್ತವೆ. ಅದಕ್ಕೆ ಹೊಗೆಯ ನಾಡಿ ಹಿಡಿಯುವ ಒಂದು ಸಾಧನ ಬೇಕು. ಆಕ್ಸಿಜನ್ ಸೆನ್ಸರ್ ಅಂದರೆ ಅದೇ. ಬಾಷ್ ಕಂಪನಿಯ ಈ ಸೆನ್ಸರ್ 1976ರಲ್ಲಿ ಅಮೆರಿಕಕ್ಕೆ ಹೋಗುವ ವೋಲ್ವೋ ಕಾರುಗಳಲ್ಲಿ ಬಂತು. ಇದರ ಬೇರು ಇನ್ನೂ ಹಳೆಯದು. ಜರ್ಮನಿಯ ವಾಲ್ಥರ್ ನೆರ್ನ್‌ಸ್ಟ್ 1889ರಲ್ಲಿ ಬರೆದ ಸಮೀಕರಣ, 1890ರ ದಶಕದ ಕೊನೆಗೆ ಅದೇ ಮನುಷ್ಯ ಜಿರ್ಕೋನಿಯಾದಿಂದ ಮಾಡಿದ ದೀಪ. ಆ ಜಿರ್ಕೋನಿಯಾ ಪಿಂಗಾಣಿ 300 ಡಿಗ್ರಿ ದಾಟಿದ ಮೇಲೆ ಆಮ್ಲಜನಕದ ಅಯಾನುಗಳನ್ನು ತನ್ನೊಳಗೆ ಹರಿಯಬಿಡುತ್ತದೆ. ಹೊಲಿಗೆಯವರ ಬೆರಳುಟೋಪಿಯಂಥ ಅದರ ಒಳಗೆ ಹೊರಗಿನ ಗಾಳಿ, ಹೊರಮೈಗೆ ಹೊಗೆ. ಎರಡೂ ಕಡೆ ಆಮ್ಲಜನಕ ಹೆಚ್ಚುಕಮ್ಮಿ ಇದ್ದಷ್ಟು ವೋಲ್ಟೇಜ್. ಪೆಟ್ರೋಲ್ ಜಾಸ್ತಿಯಾದಾಗ 0.9 ವೋಲ್ಟ್ ಹತ್ತಿರ, ಗಾಳಿ ಜಾಸ್ತಿಯಾದಾಗ 0.1ರ ಹತ್ತಿರ. ಅದನ್ನು ನೋಡಿ ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಆಗಿಂದಾಗ್ಗೆ ಹೆಚ್ಚುಕಡಿಮೆ ಮಾಡುತ್ತಲೇ ಇರುತ್ತದೆ. ಈ ಸೆನ್ಸರಿಗೂ ಸೀಸ ಆಗಿಬರುವುದಿಲ್ಲ.

ಹೀಗೆ ಡಬ್ಬಿ ಉಳಿಸಲು ಸೀಸ ಹೋಗಬೇಕಾಯಿತು. ಜನರ ಆರೋಗ್ಯದ ಹೆಸರಿನಲ್ಲೂ ಸೀಸ ಇಳಿಸುವ ನಿಯಮ ಬಂತು, ಕಂಪನಿಗಳು ಕೋರ್ಟಿಗೆ ಹೋಗಿ ಸೋತವು. 1976ರಿಂದ 1980ರೊಳಗೆ ಅಮೆರಿಕನ್ನರ ರಕ್ತದಲ್ಲಿನ ಸರಾಸರಿ ಸೀಸ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿಯಿತು. ಮಕ್ಕಳ ಮಿದುಳಿಗೆ ಸೀಸ ಏನು ಮಾಡುತ್ತದೆ ಅಂತ ಗೊತ್ತಿರುವವರಿಗೆ ಆ ಅಂಕಿಯ ಬೆಲೆ ಗೊತ್ತು.

ನಮ್ಮ ರಕ್ತದಲ್ಲಿ

ನಮ್ಮ ದೇಶದಲ್ಲಿ? ಸುಪ್ರೀಂ ಕೋರ್ಟಿನಲ್ಲಿ ಎಂ.ಸಿ. ಮೆಹ್ತಾ ಹೂಡಿದ್ದ ವಾಯುಮಾಲಿನ್ಯದ ಮೊಕದ್ದಮೆಯ ಒತ್ತಡದಲ್ಲಿ, 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಪಟ್ಟಿಯಲ್ಲಿ ಬೆಂಗಳೂರಿನ ಹೆಸರಿರಲಿಲ್ಲ. ದೇಶವಿಡೀ ಸೀಸದ ಪೆಟ್ರೋಲ್ ನಿಂತದ್ದು 2000ದ ಫೆಬ್ರವರಿ 1ರಂದು. ಮಿಡ್‌ಗ್ಲಿ ಸೀಸ ಬೆರೆಸಿದ 79 ವರ್ಷಕ್ಕೆ, ಹೂಡ್ರಿ ಮಾರ್ಕಸ್ ಹುಕ್‌ನಲ್ಲಿ ಬೇರೆ ದಾರಿ ತೋರಿಸಿದ 63 ವರ್ಷಕ್ಕೆ.

ನಾನು ಆಗ ಪ್ರೈಮರಿ ಶಾಲೆಯಲ್ಲಿದ್ದೆ. ಅಪ್ಪನ ಸ್ಕೂಟರ್ ಮುಂದೆ ನಿಂತು ಹೋಗುತ್ತಿದ್ದ ಹುಡುಗ. ಪೆಟ್ರೋಲ್ ಬಂಕಿನ ವಾಸನೆ ನನಗೆ ಇಷ್ಟ ಇತ್ತು. ಮೂವತ್ತು ದಾಟಿರುವ ನಮ್ಮ ಪೀಳಿಗೆಯ ಬಾಲ್ಯದಲ್ಲಿ ಆ ಸೀಸ ಇತ್ತು, ನಮ್ಮ ಮೈಯಲ್ಲಿ ಎಷ್ಟು ಉಳಿಯಿತು ಅಂತ ನಮ್ಮಲ್ಲಿ ಹೆಚ್ಚಿನವರನ್ನು ಯಾರೂ ಅಳೆಯಲಿಲ್ಲ. ಈ ಅಂಕಣ ಓದುತ್ತಿರುವ ಇಪ್ಪತ್ತರ ಹರೆಯದವರಿಗೆ ಅದರಿಂದ ಮುಕ್ತಿ ಸಿಕ್ಕಿದ್ದು ಯಾರೋ ಕೋರ್ಟಿಗೆ ಅಲೆದಿದ್ದರಿಂದ, ಯಾರೋ ಕಾನೂನು ಬರೆಸಿದ್ದರಿಂದ.

ಹೂಡ್ರಿಯನ್ನು ಸಂತ ಮಾಡುವ ಉದ್ದೇಶ ನನಗಿಲ್ಲ. ಅವನ ಆಸ್ತಿ ಬಂದದ್ದೇ ಪೆಟ್ರೋಲಿನಿಂದ. ಅವನ ಡಬ್ಬಿಯಿಂದ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುವುದಿಲ್ಲ, ಅಲ್ಲಿಂದ ಹೊರಬರುವುದೇ ಅದು. ಹವಾಮಾನ ಬಿಕ್ಕಟ್ಟಿಗೆ ಅದು ಉತ್ತರವಲ್ಲ. ನನ್ನನ್ನು ತಟ್ಟಿದ್ದು ಬೇರೆ ವಿಷಯ. ತನ್ನ ಕೆಲಸದಿಂದ ಏನಾಯಿತು ಅಂತ ಅರವತ್ತರ ಹತ್ತಿರದಲ್ಲಿ ತಿರುಗಿ ನೋಡಿದ, ಸರಿ ಮಾಡಲು ಕೂತ. ಪರಿಹಾರವನ್ನೂ ಕಂಡುಹಿಡಿದ. ಅಷ್ಟಾದರೂ ಅದು ಬದುಕಿರುವಾಗ ಕಾರಿಗೆ ಏರಲಿಲ್ಲ, ಯಾಕೆಂದರೆ ಪೆಟ್ರೋಲಿನಲ್ಲಿ ಏನಿರಬೇಕು ಅಂತ ತೀರ್ಮಾನಿಸುವ ಅಧಿಕಾರ ಅವನ ಕೈಯಲ್ಲಿರಲಿಲ್ಲ. ಅದನ್ನು ತೀರ್ಮಾನಿಸಿದ್ದು ಸಂಸತ್ತು, ಕೋರ್ಟು, ಬೀದಿ. ಎಂಜಿನಿಯರಿಂಗ್ ಓದುವಾಗ ಒಳ್ಳೆಯ ತಂತ್ರಜ್ಞಾನ ತನ್ನಷ್ಟಕ್ಕೇ ಗೆಲ್ಲುತ್ತೆ ಅಂತ ನಾನು ನಂಬಿದ್ದೆ. ಇವತ್ತು ಪ್ರತಿ ಸಮಸ್ಯೆಗೂ ಒಂದು ಆ್ಯಪ್, ಒಂದು ಸ್ಟಾರ್ಟಪ್ ಸಾಕು ಅನ್ನುವವರಿಗೆ ಹೂಡ್ರಿಯ ಕೊನೆಯ ಹನ್ನೆರಡು ವರ್ಷಗಳನ್ನು ಓದಲು ಕೊಡಬೇಕು.

ಕಾನೂನು ಬರೆದರೆ ಮುಗಿಯಿತು ಅಂತಲೂ ಅಲ್ಲ. 2020ರ ಏಪ್ರಿಲ್‌ನಿಂದ ನಮ್ಮಲ್ಲಿ ಬಿಎಸ್-6 ಇದೆ, ಹೊಸ ಬೈಕುಗಳಲ್ಲೂ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಇವೆ. ಗಾಡಿಯ ಮೂಲ ರೂಪ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಅಷ್ಟಿದ್ದೂ ಒಬ್ಬ ಮೆಕ್ಯಾನಿಕ್ ಹಾಡಹಗಲೇ ಡಬ್ಬಿ ಕಿತ್ತುಕೊಡ್ತೀನಿ ಅಂದ, ಕಾನೂನು ಗೊತ್ತಿದ್ದ ನಾನು ಅರ್ಧ ಒಪ್ಪಿದೆ. ಸೀಸದ ಕಂಪನಿಗಳನ್ನು ಬೈಯುವ ಮೊದಲು ಇದನ್ನೂ ಒಪ್ಪಿಕೊಳ್ಳಬೇಕು. ಹೊಸ ಡಬ್ಬಿಗೆ ನಾನು ತೆರಬೇಕಿದ್ದ ದುಡ್ಡು ನನ್ನದು, ಹಿಂದೆ ಬರುವ ಸೈಕಲ್ಲಿನವನು ಕುಡಿಯುವ ಹೊಗೆ ಅವನದು. ಆ ಕಂಪನಿಗಳ ಲೆಕ್ಕವೂ ಇದೇ ಆಗಿತ್ತು.

ಗಾಡಿಯನ್ನು ಬೇರೆ ಕಡೆ ತೋರಿಸಿದೆ. ಅಲ್ಲಿನ ಹುಡುಗಿ ಲ್ಯಾಪ್‌ಟಾಪ್ ಜೋಡಿಸಿ, ಎಂಜಿನ್ ಬಿಸಿಯಾಗುವವರೆಗೆ ಕಾದು, ಸೆನ್ಸರಿನ ವೋಲ್ಟೇಜ್ ಗೆರೆ ತೋರಿಸಿದಳು. 0.1ರ ಹತ್ತಿರ ಅಲುಗಾಡದೆ ಕೂತಿತ್ತು. ಕೆಟ್ಟದ್ದು ಮುಂದಿನ ಆಕ್ಸಿಜನ್ ಸೆನ್ಸರ್. ಹೊಗೆಯಲ್ಲಿ ಗಾಳಿ ಜಾಸ್ತಿಯಿದೆ ಅಂತ ಅದು ಸುಳ್ಳು ಹೇಳುತ್ತಿತ್ತು, ಕಂಪ್ಯೂಟರ್ ನಂಬಿ ಪೆಟ್ರೋಲ್ ಸುರಿಯುತ್ತಿತ್ತು, ಅದಕ್ಕೇ ಮೈಲೇಜ್ ಬಿದ್ದದ್ದು. ಕನ್ವರ್ಟರ್ ಇನ್ನೂ ಚೆನ್ನಾಗಿದೆ, ಹೀಗೇ ಓಡಿಸಿದ್ದರೆ ಆ ಹೆಚ್ಚುವರಿ ಪೆಟ್ರೋಲ್ ಅದರೊಳಗೆ ಉರಿದು ಅದನ್ನೂ ಸುಡುತ್ತಿತ್ತು ಅಂದಳು. ಸೆನ್ಸರ್ ಬದಲಿಸಲು ಆದ ಖರ್ಚು ಹೊಸ ಡಬ್ಬಿಯ ಬೆಲೆಯ ಹತ್ತಿರವೂ ಇರಲಿಲ್ಲ.

ದೀಪ ಆರಿತು. ಡಬ್ಬಿ ಇದ್ದಲ್ಲೇ ಇದೆ. ನಿಮ್ಮ ಗಾಡಿಯಲ್ಲಿ ಆ ಹಳದಿ ದೀಪ ಹೊತ್ತಿಕೊಂಡಾಗ ಯಾರಾದರೂ ಕಿತ್ತು ಹಾಕೋಣ ಅಂದರೆ, ಮೊದಲು ಸೆನ್ಸರಿನ ಗೆರೆ ತೋರಿಸಿ ಅಂತ ಕೇಳಿ.